ಮಾಂಸ ಕಡಿಮೆ ಮಾಡಬೇಕೆನ್ನುವ ಕಾಲೇಜು ಗೆಳೆಯನಿಗೆ ಜೈನ ಮನೆಯ ಉತ್ತರವೇನು?

ಓದಲೆಂದು ಬೆಳಗಾವಿ, ಹುಬ್ಬಳ್ಳಿ, ಹಾಸನ, ಮೂಡುಬಿದಿರೆ ಕಡೆಯಿಂದ ಬೆಂಗಳೂರಿಗೆ ಬರುವ ಜೈನ ಮಕ್ಕಳಲ್ಲಿ ಅನೇಕರು ಈಗ ನಗರದ ಪೂರ್ವ ಭಾಗದಲ್ಲಿ ಉಳಿದುಕೊಳ್ಳುತ್ತಾರೆ. ಕೆ.ಆರ್.ಪುರ ಮತ್ತು ಹಳೆ ಮದರಾಸು ರಸ್ತೆಯ ಆಸುಪಾಸಿನಲ್ಲಿ ಕಾಲೇಜುಗಳು ಬಹಳ. ಶಿವಾಜಿನಗರ, ಹಲಸೂರು ಕಡೆ ಅಂಗಡಿ ಇಟ್ಟುಕೊಂಡಿರುವ ಜೈನ ಮನೆಗಳ ಮಕ್ಕಳೂ ಅದೇ ಕಾಲೇಜುಗಳಿಗೆ ಹೋಗುತ್ತಾರೆ. ಅವರ ಪಕ್ಕದ ಬೆಂಚಿನಲ್ಲಿ ಕೂರುವವರು, ಪಿ.ಜಿ. ಕೋಣೆ ಹಂಚಿಕೊಳ್ಳುವವರು ಬಹುಪಾಲು ಮಾಂಸ ತಿನ್ನುವ ಮನೆಗಳವರು. ಅವರಲ್ಲಿ ಒಬ್ಬ ಎಂದೋ ಒಂದು ದಿನ ಕೇಳುತ್ತಾನೆ: "ನಾನೂ ಸ್ವಲ್ಪ ಕಡಿಮೆ ಮಾಡ್ಬೇಕು ಅಂತಿದ್ದೀನಿ ಕಣೋ. ಎಲ್ಲಿಂದ ಶುರು ಮಾಡ್ಲಿ?"

ಕಾರಣ ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಕೋಳಿ ಅಂಗಡಿಯ ಮುಂದೆ ನಿಂತಾಗ ಕಂಡ ನೋಟ ಮನಸ್ಸಿನಿಂದ ಹೋಗಿರುವುದಿಲ್ಲ. ಕೆಲವರಿಗೆ ಹೊಟ್ಟೆಯ ತೊಂದರೆ, ಕೆಲವರಿಗೆ ಜೇಬಿನ ತೊಂದರೆ. ಕಾರಣ ಯಾವುದಾದರೂ ಪ್ರಶ್ನೆ ಒಳ್ಳೆಯದೇ. ಆದರೆ ಅದನ್ನು ಜೈನ ಹುಡುಗ ಮನೆಗೆ ತಂದಾಗ ಸಿಗುವ ಉತ್ತರ ಹೆಚ್ಚಾಗಿ ಎರಡೇ. ಒಂದು, "ತಿನ್ನುವುದಾದರೆ ಪಾಪವೇ, ಕಡಿಮೆ ಹೆಚ್ಚು ಎಂಬುದಿಲ್ಲ, ಪೂರ್ತಿ ಬಿಡಲು ಹೇಳು" ಎಂಬುದು. ಇನ್ನೊಂದು, "ಅವರ ಊಟದ ವಿಷಯ ನಮಗೇಕೆ" ಎಂದು ಸುಮ್ಮನಾಗುವುದು. ಮೊದಲನೆಯದನ್ನು ಕೇಳಿದ ಗೆಳೆಯ ಮರುದಿನವೇ ಎಗ್ ರೈಸ್ ಗಾಡಿಯ ಮುಂದೆ ನಿಂತಿರುತ್ತಾನೆ. ಎರಡನೆಯದನ್ನು ಕೇಳಿದವನು ಮತ್ತೆ ಕೇಳುವುದೇ ಇಲ್ಲ.

ಭಾಗಶಃ ತ್ಯಾಗಕ್ಕೆ ಶಾಸ್ತ್ರದ ಒಪ್ಪಿಗೆ ಇದೆಯೇ?

ಹಿರಿಯರ ಹಿಂಜರಿಕೆಗೆ ಅರ್ಥವಿಲ್ಲ ಎಂದಲ್ಲ. ಹಿಂಸೆಯನ್ನು ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು - ಕೃತ, ಕಾರಿತ, ಅನುಮೋದನ - ಈ ಮೂರೂ ದೋಷವೆಂದು ಪಾಠಶಾಲೆಯ ಮಗುವಿಗೂ ಗೊತ್ತು. "ವಾರಕ್ಕೆ ಎರಡು ದಿನ ಮಾತ್ರ ತಿನ್ನು" ಎಂದರೆ ಆ ಎರಡು ದಿನಕ್ಕೆ ಅನುಮತಿ ಕೊಟ್ಟಂತೆ ಆಗುವುದಿಲ್ಲವೇ ಎಂಬುದು ಅವರ ಅಳುಕು. ಶ್ರಾವಕನಿಗಂತೂ ಮಾಂಸ, ಮದ್ಯ, ಮಧು ಬಿಡುವುದು ಮೂಲಗುಣಗಳಲ್ಲೇ ಸೇರಿದೆ. ಅಲ್ಲಿ ರಿಯಾಯಿತಿಯ ಮಾತೇ ಇಲ್ಲ.

ಆದರೆ ಈ ಪ್ರಶ್ನೆ ಶ್ರಾವಕನದಲ್ಲ, ಹೊರಗಿನಿಂದ ಬಾಗಿಲು ತಟ್ಟುತ್ತಿರುವವನದು. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಉಪದೇಶದ ಕ್ರಮವನ್ನೇ ಹೇಳಿದ್ದಾರೆ. ಅಲ್ಲಿನ ಸಂದರ್ಭ ಮುನಿಧರ್ಮ ಮತ್ತು ಗೃಹಸ್ಥಧರ್ಮದ್ದು. ಮೊದಲು ಸಂಪೂರ್ಣ ವಿರತಿಯನ್ನು ತಿಳಿಸಬೇಕು, ಪದೇ ಪದೇ ತಿಳಿಸಿದರೂ ಅದನ್ನು ಸ್ವೀಕರಿಸಲಾಗದವನಿಗೆ ಒಂದು ಭಾಗದ ವಿರತಿಯನ್ನು ಹೇಳಬೇಕು ಎನ್ನುತ್ತಾರೆ. ಪೂರ್ಣವಾದದ್ದನ್ನು ಮುಚ್ಚಿಟ್ಟು ಸಣ್ಣದನ್ನೇ ಮೊದಲು ಹೇಳುವವನನ್ನು ಅವರು ಆಕ್ಷೇಪಿಸುತ್ತಾರೆ, ಏಕೆಂದರೆ ಉತ್ಸಾಹದಿಂದ ಬಂದವನು ಕೆಳಗಿನ ಮೆಟ್ಟಿಲಿನಲ್ಲೇ ತೃಪ್ತನಾಗಿ ನಿಂತುಬಿಡಬಹುದು. ಇದೇ ಕ್ರಮ ಕಾಲೇಜು ಗೆಳೆಯನಿಗೂ ಸರಿಹೊಂದುತ್ತದೆ. ಪೂರ್ತಿ ಬಿಡುವುದೇ ಗುರಿ ಎಂದು ಒಮ್ಮೆ ನೇರವಾಗಿ ಹೇಳಬೇಕು. ಆಮೇಲೆ ಅವನು ಬಿಡಬಲ್ಲ ಭಾಗದ ಬಗ್ಗೆ ಮಾತಾಡಬೇಕು. ಅನುಮೋದನೆ ಸಲ್ಲುವುದು ಅವನು ಬಿಟ್ಟ ಐದು ದಿನಕ್ಕೆ, ತಿಂದ ಎರಡು ದಿನಕ್ಕಲ್ಲ. ಸಾಲ ಮಾಡಿದವನು ಕಂತಿನಲ್ಲಿ ತೀರಿಸಲು ಬಂದರೆ ಯಾವ ಅಂಗಡಿಯವನೂ "ಪೂರ್ತಿ ತಂದರೆ ಮಾತ್ರ ತಗೊಳ್ತೀನಿ" ಎಂದು ವಾಪಸ್ ಕಳಿಸುವುದಿಲ್ಲ. ಕಂತು ಪಡೆದರೆ ಉಳಿದ ಸಾಲ ಮನ್ನಾ ಆದಂತೆಯೂ ಅಲ್ಲ.

ಕಥಾಗ್ರಂಥಗಳು ಇನ್ನೂ ಸ್ಪಷ್ಟವಾಗಿವೆ. ಸೋಮದೇವಸೂರಿಗಳ ಯಶಸ್ತಿಲಕದಲ್ಲಿ (ಕ್ರಿ.ಶ. 959) ಬರುವ ಮೃಗಸೇನ ಒಬ್ಬ ಬೆಸ್ತ. ಬಲೆ ಹೊತ್ತು ಹೊರಟವನಿಗೆ ಮುನಿಗಳು ಸಿಕ್ಕಾಗ ಅವರು ಅವನ ಬಲೆಯನ್ನು ಕಿತ್ತು ಎಸೆಯಲು ಹೇಳಲಿಲ್ಲ. ಮೊದಲು ಬಲೆಗೆ ಬಿದ್ದ ಮೀನನ್ನು ಕೊಲ್ಲಬೇಡ ಎಂದಷ್ಟೇ ನಿಯಮ ಕೊಟ್ಟರು. ಅವನು ಮೊದಲ ಮೀನಿಗೆ ಗುರುತಿಗೆಂದು ಬಟ್ಟೆಯ ಚೂರು ಕಟ್ಟಿ ಬಿಟ್ಟ. ಆ ದಿನ ಬಲೆ ಬೀಸಿದಾಗಲೆಲ್ಲ ಅದೇ ಮೀನು ಬಂತು, ಐದು ಸಲವೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದವನಿಗೆ ಹೆಂಡತಿ ಬಾಗಿಲು ತೆರೆಯಲಿಲ್ಲ. ಹೊರಗೆ ಮಲಗಿದ್ದಾಗ ಹಾವು ಕಚ್ಚಿ ಸತ್ತ. ಮುಂದಿನ ಜನ್ಮದಲ್ಲಿ ಐದು ಸಲ ಪ್ರಾಣಾಪಾಯದಿಂದ ಪಾರಾದ ಎನ್ನುವುದು ಕಥೆಯ ಉಳಿದ ಭಾಗ. ಇಲ್ಲಿ ಗಮನಿಸಬೇಕಾದ್ದು, ಬಾಗಿಲು ಮುಚ್ಚಿದ್ದು ಹೊರಗಿನವರಲ್ಲ, ಮನೆಯವರು. ಸಣ್ಣ ನಿಯಮಕ್ಕೂ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ ಎಂಬುದು ಆ ಕಾಲದ ಕಥೆಗಾರನಿಗೂ ಗೊತ್ತಿತ್ತು.

ಖದಿರಸಾರ ಎಂಬ ಭಿಲ್ಲ ಬಿಟ್ಟದ್ದು ಕಾಗೆಯ ಮಾಂಸವನ್ನು ಮಾತ್ರ. ಕಾಗೆ ಮಾಂಸ ಯಾರು ತಿನ್ನುತ್ತಾರೆ ಎಂದು ನಗಬಹುದು. ಆದರೆ ಕಾಯಿಲೆ ಬಿದ್ದಾಗ ವೈದ್ಯರು ಅದನ್ನೇ ಔಷಧವೆಂದು ಹೇಳಿದರು, ಅವನು ಮುಟ್ಟಲಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಕಾರ ಅವನೇ ಮುಂದೆ ಶ್ರೇಣಿಕ ಮಹಾರಾಜ. ಯಮಪಾಲನಂತೂ ಕಾಶಿಯಲ್ಲಿ ಮರಣದಂಡನೆ ಜಾರಿ ಮಾಡುವ ಕೆಲಸದವನು, ಚತುರ್ದಶಿಯ ಒಂದು ದಿನ ಕೊಲ್ಲುವುದಿಲ್ಲ ಎಂದಷ್ಟೇ ಅವನ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತಕ್ಕೆ ಉದಾಹರಣೆಯಾಗಿ ನೆನೆಯುವುದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಇದೇ ಮಾತಂಗನನ್ನು.

ಅದೇ ಗ್ರಂಥದಲ್ಲಿ ಯಮ, ನಿಯಮ ಎಂಬ ಎರಡು ಮಾತುಗಳಿವೆ. ಜೀವಮಾನವಿಡೀ ಬಿಡುವುದು ಯಮ. ಕಾಲದ ಮಿತಿ ಹಾಕಿಕೊಂಡು ಬಿಡುವುದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ ಎಂದು ಮಿತಿಗಳನ್ನೂ ಹೇಳಿದ್ದಾರೆ. ಕಾಲೇಜು ಹುಡುಗನಿಗೆ ಬೇಕಾದದ್ದು ಇದೇ. "ಇನ್ನು ಮೇಲೆ ಯಾವತ್ತೂ ಇಲ್ಲ" ಎಂಬ ಪ್ರತಿಜ್ಞೆ ಮುಂದಿನ ಹುಟ್ಟುಹಬ್ಬದ ಪಾರ್ಟಿಯಲ್ಲಿ ಮುರಿಯುತ್ತದೆ. "ಈ ಸೆಮಿಸ್ಟರ್ ಮುಗಿಯುವವರೆಗೆ ಪಿ.ಜಿ.ಯಲ್ಲಿ ತಿನ್ನುವುದಿಲ್ಲ" ಎಂಬುದು ನಿಲ್ಲುತ್ತದೆ, ಏಕೆಂದರೆ ಅದಕ್ಕೊಂದು ಕೊನೆ ದಿನಾಂಕವಿದೆ.

ಕೆ.ಆರ್.ಪುರದ ಒಂದು ದಿನ

ಮಂಡ್ಯದ ಕಡೆಯ ಹುಡುಗ, ಕೆ.ಆರ್.ಪುರದ ಪಿ.ಜಿ.ಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಅವನ ದಿನವನ್ನು ನೋಡಿದರೆ ಮಾಂಸ ಎಲ್ಲೆಲ್ಲಿ ಬರುತ್ತದೆ ಎಂಬುದು ತಿಳಿಯುತ್ತದೆ. ಬೆಳಿಗ್ಗೆ ಪಿ.ಜಿ.ಯಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ, ಇಲ್ಲವಾದರೆ ರಸ್ತೆ ಬದಿಯ ದರ್ಶಿನಿಯಲ್ಲಿ ಇಡ್ಲಿ ವಡೆ. ಅಲ್ಲಿ ಮಾಂಸವೇ ಇಲ್ಲ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನ ಸಾಂಬಾರು ಅಥವಾ ರೈಸ್ ಬಾತ್. ಅಲ್ಲಿಯೂ ಹೆಚ್ಚಾಗಿ ಇಲ್ಲ. ಹಾಗಾದರೆ ಎಲ್ಲಿದೆ? ಸಂಜೆ ಏಳರ ನಂತರ. ಪ್ರಾಜೆಕ್ಟ್ ಕೆಲಸ ಮುಗಿಸಿ ಹಸಿದು ಬರುವಾಗ ಮೂಲೆಯಲ್ಲಿ ಎಗ್ ರೈಸ್, ಚಿಕನ್ ಕಬಾಬ್ ಗಾಡಿ. ರಾತ್ರಿ ಹನ್ನೊಂದಕ್ಕೆ ಓದುತ್ತಾ ಕೂತಾಗ ಮೊಬೈಲಿನಲ್ಲಿ ಬಿರಿಯಾನಿ ಆರ್ಡರ್. ಪಿ.ಜಿ.ಯ ಊಟದ ಪಟ್ಟಿಯಲ್ಲಿ ವಾರಕ್ಕೊಂದೆರಡು ದಿನ ಚಿಕನ್. ಶನಿವಾರ ರಾತ್ರಿ ಗೆಳೆಯರ ಗುಂಪು ನಿದ್ದೆಗೆಟ್ಟು ಬೈಕಿನಲ್ಲಿ ಹೊಸಕೋಟೆಗೆ ಹೋಗಿ ಬೆಳಗಿನ ಜಾವದ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತದೆ. ಇನ್ನು ತಿಂಗಳಿಗೊಮ್ಮೆ ಊರಿಗೆ ಹೋದಾಗ ತಾಯಿ ಮಾಡುವ ಬಾಡಿನ ಸಾರು.

ಈ ಪಟ್ಟಿಯಲ್ಲಿ ಎಲ್ಲವೂ ಒಂದೇ ತೂಕದವಲ್ಲ. ತಾಯಿಯ ಸಾರನ್ನು ಬಿಡುವುದು ಅವನಿಗೆ ಅತಿ ಕಷ್ಟ. ರಾತ್ರಿಯ ಆರ್ಡರ್ ಬಿಡುವುದು ಅತಿ ಸುಲಭ, ಏಕೆಂದರೆ ಅದರಲ್ಲಿ ಪ್ರೀತಿಯೂ ಇಲ್ಲ, ಹಬ್ಬವೂ ಇಲ್ಲ, ಬರೀ ಹಸಿವು ಮತ್ತು ಸೋಮಾರಿತನ. ಆದರೆ ಹೊಸದಾಗಿ ನಿರ್ಧಾರ ಮಾಡಿದವರು ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ಊರಿನ ಊಟದ ಮೇಲೆ ಯುದ್ಧ ಸಾರುತ್ತಾರೆ, ಎರಡು ವಾರಕ್ಕೆ ಸೋಲುತ್ತಾರೆ, "ಇದೆಲ್ಲ ಆಗದ ಕೆಲಸ" ಎಂದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಸುಲಭವಾದದ್ದನ್ನು ಮೊದಲು ಬಿಟ್ಟರೆ ಬಿಡುವ ಅಭ್ಯಾಸವೇ ಬೆಳೆಯುತ್ತದೆ.

ರಾತ್ರಿಯ ಹಸಿವಿಗೆ ಮದ್ದು ಉಪದೇಶವಲ್ಲ, ಡಬ್ಬಿ. ಪಿ.ಜಿ. ಕೋಣೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಹುರಿಗಡಲೆ ಬೆಲ್ಲ, ಹುರಿದ ಶೇಂಗಾ, ಖಾಕ್ರಾ, ಅವಲಕ್ಕಿ, ಮೊಸರು, ಬಾಳೆಹಣ್ಣು - ಇವಕ್ಕೆ ಒಲೆ ಬೇಡ. ಹತ್ತೂವರೆಗೆ ಹೊಟ್ಟೆಗೆ ಇಷ್ಟು ಬಿದ್ದರೆ ಹನ್ನೊಂದಕ್ಕೆ ಮೊಬೈಲ್ ತೆಗೆಯುವ ಕೈ ತಾನೇ ನಿಲ್ಲುತ್ತದೆ. ಗಾಡಿಯ ಎಗ್ ರೈಸ್ ಬದಲು ಗಾಡಿಯ ಗೋಬಿ ಮಂಚೂರಿ ಎನ್ನುವವರು ಒಂದು ನೆನಪಿಡಬೇಕು: ಹಾನಿಕರ ಕೃತಕ ಬಣ್ಣ ಸಿಕ್ಕಿದ್ದರಿಂದ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಬಣ್ಣ ಹಾಕುವುದನ್ನೇ ನಿಷೇಧಿಸಬೇಕಾಯಿತು. ಸಸ್ಯಾಹಾರ ಎಂದಮಾತ್ರಕ್ಕೆ ಎಲ್ಲವೂ ಪಥ್ಯವಲ್ಲ.

ಕೈಯಲ್ಲಿ ಹಣ ಕಡಿಮೆ ಇರುವ ವಿದ್ಯಾರ್ಥಿಗೆ ಈ ದಾರಿ ಹೊರೆಯೂ ಅಲ್ಲ. 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನುಗಳಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ದರ ಇಟ್ಟರು, ಅಲ್ಲಿ ಬಡಿಸುವುದು ಸಸ್ಯಾಹಾರವೇ. ಮೆಟ್ರೊದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರಕ್ಕೆ ಕೂಡಿಕೊಂಡ ಮೇಲೆ ಹುಡುಗರು ಸಂಜೆ ಇಂದಿರಾನಗರಕ್ಕೆ ಹೋಗುವುದು ಹೆಚ್ಚಾಗಿದೆ. ನೂರಡಿ ರಸ್ತೆಯ ಹೋಟೆಲುಗಳ ಬೆಲೆ ಒಂದು ಕಡೆ, ಸಿ.ಎಂ.ಎಚ್. ರಸ್ತೆಯ ಸುತ್ತಿನ ದರ್ಶಿನಿಗಳ ಬೆಲೆ ಇನ್ನೊಂದು ಕಡೆ. ಗುಂಪಿನಲ್ಲಿ ಹೋಟೆಲು ಆರಿಸುವ ಮಾತು ಬಂದಾಗ ದರ್ಶಿನಿಯ ಹೆಸರನ್ನು ಮೊದಲು ಹೇಳಿದವನ ಮಾತೇ ಅನೇಕ ಸಲ ನಡೆಯುತ್ತದೆ.

ವಾರದ ಲೆಕ್ಕ ಅವರಿಗೆ ಹೊಸದಲ್ಲ

ಮಾಂಸ ತಿನ್ನುವವರು ದಿನವೂ ತಿನ್ನುತ್ತಾರೆ ಎಂಬ ಭಾವನೆ ಅನೇಕ ಜೈನ ಮನೆಗಳಲ್ಲಿದೆ. ಅದು ತಪ್ಪು. ಹಳೆ ಮೈಸೂರು ಕಡೆಯ ಮನೆಗಳಲ್ಲಿ ಸೋಮವಾರ, ಶನಿವಾರ ಮನೆದೇವರ ವಾರ ಎಂದು ಬಿಡುವವರು ಎಷ್ಟೋ ಜನ. ಶ್ರಾವಣದಲ್ಲಿ ತಿಂಗಳಿಡೀ ಬಿಡುವ ಮನೆಗಳಿವೆ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ಮಾಂಸದ ಹತ್ತಿರ ಸುಳಿಯುವುದಿಲ್ಲ, ಅವರಲ್ಲಿ ಕಾಲೇಜು ಹುಡುಗರೂ ಇರುತ್ತಾರೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಬರುವ ಕ್ರೈಸ್ತ ಮನೆಗಳಲ್ಲಿ ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸಿನ ಕಾಲದಲ್ಲಿ ಶುಕ್ರವಾರಗಳಂದು ಮಾಂಸ ಬಿಡುವ ಪದ್ಧತಿ ಇದೆ. ಮುಸ್ಲಿಂ ಸಹಪಾಠಿಗಳಿಗೆ ಇಂಥ ವಾರದ ಲೆಕ್ಕ ಇರಲಿಕ್ಕಿಲ್ಲ, ಆದರೆ ರಂಜಾನ್ ತಿಂಗಳಿಡೀ ಹಗಲು ನೀರೂ ಮುಟ್ಟದೆ ಇರುವವರಿಗೆ ನಾಲಿಗೆಯ ಹಿಡಿತ ಏನೆಂದು ಹೇಳಿಕೊಡಬೇಕಿಲ್ಲ. 2003ರಲ್ಲಿ ಅಮೆರಿಕದಲ್ಲಿ 'ಮಾಂಸವಿಲ್ಲದ ಸೋಮವಾರ' ಎಂಬ ಆರೋಗ್ಯ ಪ್ರಚಾರ ಶುರುವಾಯಿತು. ಹಲಸೂರಿನ ಸೋಮೇಶ್ವರನ ಒಕ್ಕಲಿಗೆ ಅದು ಅಜ್ಜಿಯ ಕಾಲದ್ದು.

ಆದ್ದರಿಂದ ಗೆಳೆಯನಿಗೆ ಮೊದಲು ಕೇಳಬೇಕಾದ ಪ್ರಶ್ನೆ, "ನಿಮ್ಮ ಮನೆಯಲ್ಲಿ ಯಾವ ವಾರ ಬಿಡುತ್ತೀರಿ?" ಎಂಬುದು. ಅವನು ಊರು ಬಿಟ್ಟು ಪಿ.ಜಿ.ಗೆ ಬಂದ ಮೇಲೆ ಆ ವಾರವೂ ಸಡಿಲವಾಗಿರುತ್ತದೆ. ಅದನ್ನು ಮತ್ತೆ ಬಿಗಿ ಮಾಡುವುದು ಮೊದಲ ಹೆಜ್ಜೆ. ಅದಕ್ಕೆ ಪಕ್ಕದ ಇನ್ನೊಂದು ದಿನ ಸೇರಿಸುವುದು ಎರಡನೆಯದು. ಅವನ ಅಜ್ಜಿಯ ವ್ರತವನ್ನು ಅವನಿಗೆ ನೆನಪಿಸಿದಂತೆ ಆಗುತ್ತದೆಯೇ ಹೊರತು ಜೈನರ ಪದ್ಧತಿಯನ್ನು ಹೇರಿದಂತೆ ಆಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಕೆಲವರು ಮಟನ್ ಬಿಟ್ಟು ಅದರ ಜಾಗಕ್ಕೆ ಕೋಳಿ, ಮೀನು ಹೆಚ್ಚು ಮಾಡುತ್ತಾರೆ, ಕಡಿಮೆ ಮಾಡಿದೆವು ಎಂದುಕೊಳ್ಳುತ್ತಾರೆ. ಒಂದು ಮೇಕೆಯಿಂದ ಹತ್ತು ಕೆ.ಜಿ.ಗೂ ಮೇಲೆ ಮಾಂಸ ಸಿಗುತ್ತದೆ, ಒಂದು ಬ್ರಾಯ್ಲರ್ ಕೋಳಿಯಿಂದ ಒಂದೂವರೆ ಕೆ.ಜಿ. ಆಸುಪಾಸು. ಅಷ್ಟೇ ತೂಕಕ್ಕೆ ಹೋಗುವ ಜೀವಗಳ ಸಂಖ್ಯೆ ಹೆಚ್ಚು. ಜೈನ ಶಾಸ್ತ್ರದಲ್ಲಿ ಮೇಕೆ, ಕೋಳಿ, ಮೀನು ಮೂರೂ ಪಂಚೇಂದ್ರಿಯ ಜೀವಗಳೇ. ಲೆಕ್ಕವನ್ನು ಕೆ.ಜಿ.ಯಲ್ಲಿ ಬರೆಯದೆ ಜೀವದಲ್ಲಿ ಬರೆದರೆ ಖಾತೆ ಬೇರೆಯೇ ಕಾಣುತ್ತದೆ. ಮೊಟ್ಟೆಯ ಪ್ರಶ್ನೆಯೂ ಹೀಗೆಯೇ. "ಮರಿಯಾಗದ ಮೊಟ್ಟೆ" ಎಂಬ ವಾದವನ್ನು ಜೈನರು ಒಪ್ಪುವುದಿಲ್ಲ. ಅದನ್ನು ಬದಿಗಿಟ್ಟರೂ, ಮೊಟ್ಟೆ ಉದ್ಯಮದಲ್ಲಿ ಹುಟ್ಟಿದ ದಿನವೇ ಗಂಡು ಮರಿಗಳನ್ನು ಕೊಲ್ಲುವ ರೂಢಿ ಇದೆ. ಆದರೂ ಮಾಂಸ ಬಿಡುತ್ತಿರುವವನು ಮೊಟ್ಟೆಯನ್ನು ಕೊನೆಗೆ ಬಿಡುತ್ತೇನೆ ಎಂದರೆ ಅವನೊಡನೆ ಅಲ್ಲೇ ಜಗಳಕ್ಕೆ ನಿಲ್ಲಬೇಕಾಗಿಲ್ಲ.

ಪ್ರೋಟೀನ್ ಲೆಕ್ಕ

ಕಾಲೇಜು ಹುಡುಗರ ಬಾಯಲ್ಲಿ ಮೊದಲು ಬರುವ ಆಕ್ಷೇಪ ಪ್ರೋಟೀನಿನದು. ಜಿಮ್‌ಗೆ ಹೋಗುವವರಿಗಂತೂ ಕೋಳಿ ಇಲ್ಲದೆ ಮೈ ಬರುವುದಿಲ್ಲ ಎಂಬ ನಂಬಿಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ತೂಕದ ಹುಡುಗನಿಗೆ ಸುಮಾರು 50 ಗ್ರಾಂ.

ದಿನಕ್ಕೆ ಅಕ್ಕಿ, ಗೋಧಿ, ರಾಗಿ ಸೇರಿ 300 ಗ್ರಾಂ ಧಾನ್ಯ ತಿಂದರೆ 24 ಗ್ರಾಂ ಹತ್ತಿರ ಬಂತು. 60 ಗ್ರಾಂ ತೊಗರಿಬೇಳೆ ಅಥವಾ ಕಾಳಿನಿಂದ 13 ಗ್ರಾಂ. ಹಾಲು, ಮೊಸರು ಸೇರಿ 400 ಮಿ.ಲೀ.ಗೆ ಇನ್ನು 13. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾಕ್ಕೆ 7. ಕೂಡಿದರೆ 57. ವ್ಯಾಯಾಮ ಮಾಡುವವನಿಗೆ ಇದಕ್ಕಿಂತ ಹೆಚ್ಚು ಬೇಕು ಎನ್ನೋಣ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂಗೆ ಕಡಿಮೆ ಇಲ್ಲ. ತೊಂದರೆ ಎಲ್ಲಿ ಎಂದರೆ, ಪಿ.ಜಿ.ಯ ಸಾಂಬಾರಿನಲ್ಲಿ ಬೇಳೆಗಿಂತ ನೀರು ಹೆಚ್ಚು. ಮಾಂಸ ಬಿಟ್ಟು ಅದೇ ತಿಳಿ ಸಾಂಬಾರು ಅನ್ನದಲ್ಲಿ ಉಳಿದ ಹುಡುಗ ಒಂದು ತಿಂಗಳಲ್ಲಿ ಸುಸ್ತಾಗುತ್ತಾನೆ, ದೂರು ಸಸ್ಯಾಹಾರದ ಮೇಲೆ ಬರುತ್ತದೆ. ಬಿಟ್ಟ ಜಾಗ ಖಾಲಿ ಉಳಿಯಬಾರದು, ಅಲ್ಲಿ ಕಾಳು, ಮೊಸರು, ಶೇಂಗಾ ಬಂದು ಕೂರಲೇಬೇಕು.

ಬಿ12 ಜೀವಸತ್ವದ ವಿಷಯದಲ್ಲಿ ಜಂಬ ಬೇಡ. ಅದು ಕಾಳು, ಸೊಪ್ಪಿನಲ್ಲಿ ಸಿಗುವುದಿಲ್ಲ, ಹಾಲು ಮೊಸರಿನಲ್ಲಿ ಸಿಗುತ್ತದೆ. ಜೈನ ಮನೆಗಳಲ್ಲೂ ಇದರ ಕೊರತೆ ಕಾಣುವುದುಂಟು. ಹಾಲನ್ನೂ ಬಿಡುವವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಹುಡುಗಿಯರಿಗೆ ಕಬ್ಬಿಣದಂಶದ ಕಡೆಗೂ ಗಮನ ಬೇಕು. ಕಾಳು, ಸೊಪ್ಪಿನ ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಅದು ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ.

ರುಚಿಯ ಪ್ರಶ್ನೆಗೆ ಉತ್ತರ ಅವನ ಊರಿನ ಅಡುಗೆಯಲ್ಲೇ ಇದೆ. ಮಂಡ್ಯ, ಕೋಲಾರದ ಕಡೆ ಬಾಡಿನ ಸಾರಿಗೆ ರುಬ್ಬುವ ಖಾರವನ್ನೇ ಹಿತಕಿದ ಅವರೆಬೇಳೆ ಸಾರಿಗೂ ಹಾಕುತ್ತಾರೆ. ಹುರುಳಿಕಾಳಿನ ಬಸ್ಸಾರು ಮುದ್ದೆ ಉಂಡವನಿಗೆ ಇನ್ನೊಂದರ ನೆನಪು ಬರುವುದು ಕಷ್ಟ. ನಾಲಿಗೆ ಹುಡುಕುವುದು ಬಹುಮಟ್ಟಿಗೆ ಚಕ್ಕೆ, ಲವಂಗ, ಧನಿಯಾ, ತೆಂಗಿನಕಾಯಿಯನ್ನು. ಅವರೆಕಾಯಿ ಕಾಲದಲ್ಲಿ ಕೆ.ಆರ್.ಪುರ ಮಾರುಕಟ್ಟೆಯಲ್ಲೂ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲೂ ಅದರ ರಾಶಿ ಬೀಳುತ್ತದೆ.

ಇನ್ನು ಅಂಗಡಿಗೆ ಬಂದಿರುವ ಕೃತಕ ಮಾಂಸದ ಬಗ್ಗೆ ಒಂದು ಮಾತು. ಸೋಯಾದಿಂದ ಕೋಳಿಯ ಆಕಾರ, ಕೋಳಿಯ ರುಚಿ ಬರುವಂತೆ ಮಾಡಿದ ತಿನಿಸುಗಳಿವೆ. ಜನ್ನ ಕವಿಯ ಯಶೋಧರ ಚರಿತೆ ಓದಿದವರಿಗೆ ಹಿಟ್ಟಿನ ಕೋಳಿ ಥಟ್ಟನೆ ನೆನಪಾಗುತ್ತದೆ. ಅಲ್ಲಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯಾದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಜನ್ಮಜನ್ಮಾಂತರ ನೊಂದರು. ಶ್ರಾವಕರು ಇಂಥ ತಿನಿಸಿನಿಂದ ದೂರವಿರುವುದೇ ಸರಿ. ಆದರೆ ಅಲ್ಲಿ ರಾಜ ಕೊಲ್ಲುವ ಭಾವದ ಕಡೆಗೆ ಹೋಗುತ್ತಿದ್ದ, ಇಲ್ಲಿ ಹುಡುಗ ಅದರಿಂದ ಹೊರಗೆ ಬರುತ್ತಿದ್ದಾನೆ. ಮೆಟ್ಟಿಲು ಒಂದೇ ಆದರೂ ಹತ್ತುವವನು ಬೇರೆ, ಇಳಿಯುವವನು ಬೇರೆ.

ಪೊಟ್ಟಣದ ತಿನಿಸು ಕೊಳ್ಳುವಾಗ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು, ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಗುರುತು. ಮೊದಲು ಕಂದು ಚುಕ್ಕೆ ಇತ್ತು, ಬಣ್ಣ ಗುರುತಿಸಲಾಗದವರಿಗೆ ತೊಡಕಾಗುತ್ತದೆಂದು ಬದಲಿಸಿದರು.

ತಾಯಿ ಬಡಿಸಿದಾಗ

ಎಲ್ಲಕ್ಕಿಂತ ಗಟ್ಟಿ ಗಂಟು ಊರಿನದು. ಮಗ ಬರುತ್ತಾನೆಂದು ತಾಯಿ ಬೆಳಿಗ್ಗೆ ನಾಟಿಕೋಳಿ ತರಿಸಿರುತ್ತಾಳೆ. ಮಗ ತಟ್ಟೆ ಸರಿಸಿ "ನಾನು ಬಿಟ್ಟಿದೀನಮ್ಮ" ಎಂದರೆ ಆಕೆಗೆ ಕೇಳುವುದು ಕೋಳಿಯ ಮಾತಲ್ಲ, "ನಿನ್ನ ಕೈಯಡುಗೆ ಬೇಡ" ಎಂಬ ಮಾತು. "ಯಾರೋ ಸೇಟು ಮನೆ ಹುಡುಗ ತಲೆ ಕೆಡಿಸಿದ್ದಾನೆ" ಎಂದು ಅಪ್ಪ ಅನ್ನುತ್ತಾನೆ. ಗೆಳೆತನಕ್ಕೂ ಪೆಟ್ಟು, ನಿಯಮಕ್ಕೂ ಪೆಟ್ಟು.

ಇದಕ್ಕೆ ಪರಿಹಾರ ಹೊರಡುವ ಮೊದಲೇ ಫೋನ್ ಮಾಡುವುದು. "ಅಮ್ಮಾ, ಈ ಸಲ ಹಿತಕಬೇಳೆ ಸಾರು ಮುದ್ದೆ ಮಾಡು, ಇಲ್ಲಿ ಎಲ್ಲೂ ಸಿಗಲ್ಲ" ಎಂದರೆ ಆಕೆ ಸಂತೋಷದಿಂದಲೇ ಮಾಡುತ್ತಾಳೆ. ಬೇಡ ಎನ್ನುವ ಮಾತಿಗಿಂತ ಇದು ಬೇಕು ಎನ್ನುವ ಮಾತು ತಾಯಂದಿರಿಗೆ ಬೇಗ ತಲುಪುತ್ತದೆ. ಹಬ್ಬ, ಜಾತ್ರೆ, ಮದುವೆಯ ಬೀಗರೂಟದಲ್ಲಿ ಮೊದಲ ವರ್ಷ ಸೋತರೂ ಅದನ್ನೇ ದೊಡ್ಡದು ಮಾಡಿ ಉಳಿದ ದಿನಗಳ ನಿಯಮ ಮುರಿಯಬಾರದು. ಮೃಗಸೇನನ ಹೆಂಡತಿಯನ್ನು ಕಥೆಯಲ್ಲಿ ಬೈಯುವುದು ಸುಲಭ. ಒಲೆಯ ಮೇಲೆ ಎಸರಿಟ್ಟು ಕಾದಿದ್ದವಳು ಅವಳು.

ಜೈನ ಮನೆಗಳು ತಿದ್ದಿಕೊಳ್ಳಬೇಕಾದದ್ದೂ ಇದೆ. ಮಗನ ಗೆಳೆಯ ಮನೆಗೆ ಬಂದಾಗ ಅವನಿಗೆಂದು ಬೇರೆ ತಟ್ಟೆ, ಬೇರೆ ಲೋಟ ತೆಗೆಯುವ ಮನೆಗಳು ಈಗಲೂ ಇವೆ. ಹುಡುಗರು ಅದನ್ನು ಆ ಕ್ಷಣವೇ ಗುರುತಿಸುತ್ತಾರೆ, ಹೇಳುವುದಿಲ್ಲ ಅಷ್ಟೇ. ಆ ತಟ್ಟೆಯಲ್ಲಿ ಉಂಡವನು ಅಹಿಂಸೆಯ ಬಗ್ಗೆ ಏನನ್ನೂ ಕೇಳಲು ಮತ್ತೆ ಬರುವುದಿಲ್ಲ. ಮಾಂಸ ಬಿಡಲು ಯತ್ನಿಸುತ್ತಿರುವವನಿಗೆ ಅದೇ ವಾರ ಈರುಳ್ಳಿ, ಆಲೂಗಡ್ಡೆ, ರಾತ್ರಿಭೋಜನದ ಪಾಠ ಶುರು ಮಾಡುವುದೂ ಅತಿ ಉತ್ಸಾಹವೇ. ಮನೆಯಲ್ಲಿ ಅವಿಲ್ಲದೆ ಮಾಡಿದ್ದನ್ನು ಬಡಿಸಿದರೆ ಸಾಕು, ಕೇಳಿದರೆ ಹೇಳಬಹುದು.

ಮಾಂಸದ ವ್ಯಾಪಾರಿಗಳ ಬಗ್ಗೆ ಹಗುರವಾಗಿ ಮಾತಾಡುವುದಂತೂ ಬೇಡವೇ ಬೇಡ. ರಸೆಲ್ ಮಾರುಕಟ್ಟೆಯನ್ನು ಕಟ್ಟಿದ್ದು 1927ರಲ್ಲಿ. ತರಕಾರಿ, ಹಣ್ಣು, ಹೂವು, ಮೀನು, ಮಾಂಸ ಎಲ್ಲ ಅಕ್ಕಪಕ್ಕದಲ್ಲಿ ಮಾರುತ್ತಾ ಬಂದಿರುವ ಜಾಗ ಅದು. ಆ ದುಡಿಮೆಯಿಂದಲೇ ಮಕ್ಕಳನ್ನು ಓದಿಸಿದ ಮನೆಗಳ ಹುಡುಗರೂ ಜೈನ ಮಕ್ಕಳ ಸಹಪಾಠಿಗಳಾಗಿರಬಹುದು. ಬೆಸ್ತನನ್ನೂ ಬೇಡನನ್ನೂ ಮರಣದಂಡನೆ ಕೊಡುವವನನ್ನೂ ಆಚಾರ್ಯರು ಆದರದಿಂದಲೇ ನೆನೆದಿದ್ದಾರೆ. ಮಹಾವೀರ ಜಯಂತಿಯಂದು ನಗರದಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟ ನಿಲ್ಲಿಸಲು ಪಾಲಿಕೆ ಆದೇಶ ಹೊರಡಿಸುತ್ತದೆ, ಸಮಾಜಕ್ಕೆ ಅದು ಸಮಾಧಾನದ ಸಂಗತಿ. ಆದರೆ ಹಿಂದಿನ ಸಂಜೆ ಕೋಳಿ ಅಂಗಡಿಯ ಮುಂದೆ ನಿಲ್ಲುವ ಸಾಲನ್ನು ನೋಡಿದರೆ ಆದೇಶ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ತಿಳಿಯುತ್ತದೆ.

ಜೈನ ಮನೆಯ ಮಕ್ಕಳೇ ಜಾರುವುದಿಲ್ಲವೇ ಎಂದು ಕೇಳುವ ತಾಯಂದಿರಿದ್ದಾರೆ. ಜಾರುವವರೂ ಇದ್ದಾರೆ. "ಬೇಡ" ಎಂಬ ಒಂದೇ ಮಾತು ಕೇಳಿ ಬೆಳೆದು, ಏಕೆ ಬೇಡ ಎಂಬುದನ್ನು ಎಂದೂ ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲದ ಮಗು ಬೇಗ ಜಾರುತ್ತದೆ. ಗೆಳೆಯನ ಪ್ರಶ್ನೆಗೆ ಉತ್ತರ ಹುಡುಕುವಾಗ ಅದು ತನಗೂ ಉತ್ತರ ಹೇಳಿಕೊಳ್ಳುತ್ತದೆ. ಹಾಗೆಯೇ, ತಪ್ಪಿದ ಮಗುವಿಗೆ ಹಿಂತಿರುಗುವ ದಾರಿಯನ್ನೂ ಮುಚ್ಚಬಾರದು. ಪ್ರಾಯಶ್ಚಿತ್ತ, ಪ್ರತಿಕ್ರಮಣ ಇರುವುದು ಅದಕ್ಕಾಗಿಯೇ.

ರಜೆ ಮುಗಿಸಿ ಹೊರಡುವ ಮಗನ ಚೀಲಕ್ಕೆ ತಿಂಡಿ ಕಟ್ಟುವಾಗ ಕೋಣೆಯಲ್ಲಿ ಇಬ್ಬರಿದ್ದಾರೆ ಎಂದು ಲೆಕ್ಕ ಹಾಕಿ ಕಟ್ಟಬೇಕು. ಶೇಂಗಾ ಚಟ್ನಿಪುಡಿ, ಪುಟಾಣಿ ಚಟ್ನಿಪುಡಿ, ಖಡಕ್ ಜೋಳದ ರೊಟ್ಟಿ, ಖಾಕ್ರಾ, ಒಗ್ಗರಣೆ ಅವಲಕ್ಕಿ ಹದಿನೈದು ದಿನ ಕೆಡುವುದಿಲ್ಲ. ಕೆ.ಆರ್.ಪುರದ ಅಂಗಡಿಗಳಲ್ಲಿ ಮೊಸರು ರಾತ್ರಿ ಹತ್ತರವರೆಗೂ ಸಿಗುತ್ತದೆ. ಪಿ.ಜಿ.ಯಲ್ಲಿ ಚಿಕನ್ ಇರುವ ದಿನ ಆ ಗೆಳೆಯನಿಗೆ ಪಲ್ಯವನ್ನೇ ಉಳಿಸಲು ಅಡುಗೆಯವರಿಗೆ ಹಿಂದಿನ ರಾತ್ರಿಯೇ ಹೇಳಿಡಬೇಕು, ಬೆಳಿಗ್ಗೆ ಹೇಳಿದರೆ ಅಷ್ಟು ಹೊತ್ತಿಗೆ ಅಕ್ಕಿ ಅಳೆದಾಗಿರುತ್ತದೆ.